ಮೆಕ್ಯಾನಿಕ್ ಪಿಜ್ಜಾ

ನನ್ನ ಗಂಡ ಯಾರನ್ನಾದರೂ ‘ನೀವು’ ಎಂದರೆ ಅವರ ಮೇಲೆ ಸಿಟ್ಟಿದೆ ಎಂದೇ ಲೆಕ್ಕ. ಲಾರಿ ರಿಪೇರಿ ಶೆಡ್ಡಿನಲ್ಲಿ ಕೂದಲು ನರೆತ ಈ ಮನುಷ್ಯ ಡ್ರೈವರುಗಳಿಂದ ಹಿಡಿದು ಲಾರಿ ಮಾಲೀಕರವರೆಗೆ ಎಲ್ಲರನ್ನೂ ‘ನೀನು’ ಅನ್ನುತ್ತಾರೆ, ಮನಸ್ಸು ಬಿಚ್ಚಿ ಬೈಯುತ್ತಾರೆ, ಆಮೇಲೆ ಟೀ ಕುಡಿಸಿ ಕಳಿಸುತ್ತಾರೆ. ಬಹುವಚನ ಏನಿದ್ದರೂ ಪೊಲೀಸರಿಗೆ, ಬ್ಯಾಂಕಿನವರಿಗೆ, ಮತ್ತೆ ಮದುವೆಯಾದ ದಿನದಿಂದ ನಮ್ಮ ಅಳಿಯನಿಗೆ.

ಅಳಿಯನದು ತಪ್ಪೇನಿಲ್ಲ. ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ, ತಗ್ಗಿದ ದನಿ, ಅತಿ ಎನ್ನಿಸುವಷ್ಟು ಅಚ್ಚುಕಟ್ಟು. ಮಗಳು ಎಲ್ಲವನ್ನೂ ತಾನೇ ತೀರ್ಮಾನ ಮಾಡಿಕೊಂಡು ಕೊನೆಗೆ ಅಪ್ಪನಿಗೆ ತಿಳಿಸಿದಳು ಎನ್ನುವುದೇ ಇವರ ನೋವು. ಮುದ್ದಿನ ಮಗಳನ್ನು ಬೈಯಲು ಬಾಯಿ ಬರಲಿಲ್ಲ, ಹಾಗಾಗಿ ಅಳಿಯನಿಗೆ ಮರ್ಯಾದೆ ಕೊಟ್ಟು ಸೇಡು ತೀರಿಸಿಕೊಂಡರು. ನೀವು ಕೂತ್ಕೊಳ್ಳಿ, ನಿಮಗ್ಯಾಕೆ ತೊಂದರೆ, ಇದೇ ರಾಗ. ಹೀಗೇ ಆದರೆ ತಾವಿಬ್ಬರೂ ಬರುವುದನ್ನೇ ನಿಲ್ಲಿಸುತ್ತೇವೆ ಎಂದು ಮಗಳು ಮೊನ್ನೆ ಫೋನಿನಲ್ಲಿ ಅತ್ತುಬಿಟ್ಟಳು. ಇರುವುದೇ ಒಬ್ಬಳು.

ಹಾಗಾಗಿ ಈ ಭಾನುವಾರ ಇವರನ್ನು ಹೇಗೋ ಪುಸಲಾಯಿಸಿ ಮಗಳ ಮನೆಗೆ ಊಟಕ್ಕೆ ಕರೆದುಕೊಂಡು ಹೋದೆ. ಅಡುಗೆಮನೆಯೋ, ಇಬ್ಬರು ನಿಂತರೆ ಮೂರನೆಯವರು ಉಸಿರು ಹಿಡಿಯಬೇಕು. ಅಳಿಯ ಏಪ್ರನ್ ಕಟ್ಟಿಕೊಂಡು, ಬೆಂದ ರಾಜ್ಮಾ ಕಾಳಿಗೆ ಬೆಳ್ಳುಳ್ಳಿ, ಜೀರಿಗೆ, ಮೆಣಸಿನಪುಡಿ ಹಾಕಿ ನುಣ್ಣಗೆ ಹಿಸುಕುತ್ತಿದ್ದ. ಪ್ಯಾಕೆಟ್ಟಿನಿಂದ ತೆಗೆದ ಮೆಕ್ಕೆಜೋಳದ ತೆಳು ರೊಟ್ಟಿಯನ್ನು ಗರಿಗರಿಯಾಗಿ ಸುಟ್ಟು, ಅದಕ್ಕೆ ಕಾಳು ಸವರಿ, ಮೇಲೆ ಇನ್ನೊಂದು ರೊಟ್ಟಿ ಕೂರಿಸಿದ. ಅದರ ಮೇಲೆ ಟೊಮೆಟೊ ಸಾಸು, ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಕೈತುಂಬ ಚೀಸ್. ಹಲ್ಲು ಕೂರಿಸಿ ಪಳಗಿದ ಕೈ, ಈರುಳ್ಳಿಯ ಒಂದು ಚೂರೂ ಅಂಚು ದಾಟಲಿಲ್ಲ.

ಇವರು ಹೊರಗೆ ಸೋಫಾದ ತುದಿಯಲ್ಲಿ, ಈಗಲೋ ಆಗಲೋ ಎದ್ದು ಹೋಗುವವರ ಹಾಗೆ ಕುಳಿತಿದ್ದರು. ಏನು ಅಡುಗೆ ಎಂದು ಕೇಳಿದ್ದಕ್ಕೆ ಮಗಳು ಒಳಗಿನಿಂದಲೇ ಮೆಕ್ಸಿಕನ್ ಪಿಜ್ಜಾ ಎಂದು ಕೂಗಿದಳು. ಸುತ್ತಿಗೆ ಸದ್ದಿನಲ್ಲಿ ಅರ್ಧ ಕೆಟ್ಟ ಕಿವಿ ಇವರದು.

“ಮೆಕ್ಯಾನಿಕ್ ಪಿಜ್ಜಾನಾ?” ಎಂದರು. ಮುಖ ಅರಳಿತು. “ನನಗೋಸ್ಕರ ಮಾಡಿದ್ದಾ?”

ನಾನು ಮಗಳಿಗೆ ಕಣ್ಸನ್ನೆ ಮಾಡಿದೆ. ಬಾಯಿಗೆ ಬೀಗ. ದೇವರೇ ಕೈಯಾರೆ ಕೊಟ್ಟ ಸುಳ್ಳು, ಬೇಡ ಅನ್ನಲು ನಾನ್ಯಾರು?

ಮೇಜಿಗೆ ಬಂದು ಕುಳಿತ ಇವರು ಮೊದಲ ತುಂಡನ್ನು ಎತ್ತಿ ಪಕ್ಕದಿಂದ ಪರೀಕ್ಷೆ ಮಾಡಿದರು. ಎರಡು ಪ್ಲೇಟಿನ ನಡುವೆ ಗ್ಯಾಸ್ಕೆಟ್ ಇಟ್ಟ ಹಾಗೇ ಇದೆ, ಸೋರುವ ಮಾತೇ ಇಲ್ಲ ಎಂದು ಹೊಗಳಿದರು. ಎರಡನೆಯ ತುಂಡೂ ಮಾಯವಾಯಿತು. ನಾಳೆ ಶೆಡ್ಡಿನವರಿಗೆಲ್ಲ ಹೇಳುತ್ತೇನೆ, ನಮ್ಮ ಕಸುಬಿನ ಹೆಸರಲ್ಲಿ ಅಡುಗೆ ಮಾಡಿ ಬಡಿಸುವವರು ಯಾರಿದ್ದಾರೆ ಎಂದರು. ನನಗೂ ಮಗಳಿಗೂ ಹೋದ ಜೀವ ಬಂದಂತಾಯಿತು. ಅಳಿಯ ಮಾತ್ರ ತಟ್ಟೆಯಿಂದ ತಲೆಯೆತ್ತಲಿಲ್ಲ. ಅವನು ಬಾಯಿ ತೆರೆಯುವ ಲಕ್ಷಣ ಕಂಡು ಮೇಜಿನ ಕೆಳಗೆ ಅವನ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ.

“ಮಾವ, ಅದು ಮೆಕ್ಯಾನಿಕ್ ಅಲ್ಲ, ಮೆಕ್ಸಿಕನ್,” ಎಂದ. “ಮೆಕ್ಸಿಕೋ ದೇಶದ ಥರದ್ದು. ನಿಮಗೋಸ್ಕರ ಹೆಸರಿಟ್ಟಿದ್ದಲ್ಲ. ನನಗೆ ಚೆನ್ನಾಗಿ ಬರೋದು ಇದೊಂದೇ, ಅದಕ್ಕೆ ಮಾಡ್ದೆ.”

ಇವರು ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಇಟ್ಟರು. ಈ ಸತ್ಯಸಂಧನನ್ನು ಎಲ್ಲಿಂದ ಹುಡುಕಿಕೊಂಡು ಬಂದೆಯೇ ಎಂದು ನಾನು ಮಗಳನ್ನು ಮನಸ್ಸಿನಲ್ಲೇ ಶಪಿಸಿದೆ. ನನ್ನ ಶ್ರಮವೆಲ್ಲ ನೀರುಪಾಲು.

“ಗೊತ್ತಿದ್ದೂ ಇಷ್ಟು ಹೊತ್ತು ಯಾಕೆ ಸುಮ್ನಿದ್ರಿ ನೀವು?”

“ನೀವು ಖುಷಿಯಾಗಿದ್ರಿ. ಆದ್ರೆ ನಾಳೆ ಶೆಡ್ಡಲ್ಲಿ ಹೇಳಿ, ಯಾರಾದ್ರೂ ನಿಮ್ಮನ್ನ ನೋಡಿ ನಕ್ಕುಬಿಟ್ರೆ…” ಅಳಿಯ ಅಲ್ಲಿಗೇ ನಿಲ್ಲಿಸಿ ಮಾವನ ಮುಖ ನೋಡಿದ.

ಇವರು ಅವನನ್ನೇ ನೋಡುತ್ತ ಕುಳಿತರು. ಹಿರಿಯರು ನೋಡುತ್ತಿರುವಾಗ ಏಳಬಾರದೆಂದೋ ಏನೋ, ಅವನು ಅಲ್ಲಾಡಲಿಲ್ಲ. ಒಲೆಯ ಮೇಲೆ ಹೆಂಚಿನಲ್ಲಿ ಇನ್ನೊಂದು ಪಿಜ್ಜಾ ಬೇಯುತ್ತಿದ್ದದ್ದು ಎಲ್ಲರಿಗೂ ಮರೆತೇಹೋಗಿತ್ತು. ವಾಸನೆ ಮೊದಲು ತಗುಲಿದ್ದು ಇವರ ಮೂಗಿಗೆ.

“ಲೋ, ನನ್ನ ಮುಖ ಏನ್ ನೋಡ್ತಾ ಕೂತಿದ್ದೀಯ? ಅಲ್ಲಿ ಸೀದು ಹೋಗ್ತಿದೆ, ಏಳೋ!”

ಅಳಿಯ ಎದ್ದನೋ ಬಿದ್ದನೋ ಎಂದು ಓಡಿದ. ಇವರೂ ಎಂಜಲು ಕೈಯಲ್ಲೇ ಹಿಂದೆ ನುಗ್ಗಿದರು. ಇಷ್ಟು ಉರಿ ಇಡ್ತಾರೇನೋ, ಬುದ್ಧಿ ಎಲ್ಲಿಟ್ಟಿದ್ದೀಯೋ, ಆ ಇಕ್ಕಳ ತಾರೋ ಇಲ್ಲಿ ಎಂದು ಒಳಗಿನಿಂದ ಒಂದೇ ಸಮನೆ ಗದರುವ ಸದ್ದು. ಮೂವತ್ತು ವರ್ಷ ಇವರ ಬಾಯಿಗೆ ಅಡ್ಡ ಹೋಗಿ ಹೋಗಿ ಅಭ್ಯಾಸವಾದವಳು ನಾನು. ಸಮಾಧಾನ ಮಾಡಲು ಎದ್ದೇಬಿಟ್ಟೆ.

ಮಗಳು ಕೈ ಹಿಡಿದು ಕೂರಿಸಿದಳು. ಅವಳ ಕಣ್ಣ ತುಂಬ ನೀರು, ಮುಖದ ತುಂಬ ನಗು.

“ಬಿಡಮ್ಮ, ಬೈಲಿ,” ಎಂದಳು.