ಲಾಭ, ಎರಡು, ಮೂರು

"ಭೂಮಿ ನಿನ್ನ ಒಬ್ಬಾಕಿನ್ನ ಹೆಚ್ಚ ಜಗ್ಗಾಕತ್ತದೇನ?" ಎಂದು ಮಹಾರುದ್ರಪ್ಪ ಸರ್ ಕೇಳಿದಾಗ ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ಸಾಕ್ಷಿ ತಲೆ ತಗ್ಗಿಸಿ ನಿಂತಳು. ಅವಳ ಜರ್ನಲ್ಲಿನ ಹಾಳೆಯ ಮೇಲೆ ಕೆಂಪು ಗೆರೆ ಬಿದ್ದದ್ದು ಇದು ಮೂರನೆಯ ಸಲ. ಸರಳ ಲೋಲಕದ ಪ್ರಯೋಗ ಅದು. ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡನ್ನು ತೂಗಿಬಿಟ್ಟು, ಅದು ಇಪ್ಪತ್ತು ಸಲ ಹೋಗಿ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ, ಅದರಿಂದ ಭೂಮಿಯ ಸೆಳೆತದ ಬೆಲೆ ತೆಗೆಯಬೇಕು. ಬಿ.ಎಸ್ಸಿ. ಮೊದಲ ವರ್ಷದ ಮೊಟ್ಟಮೊದಲ ಪ್ರಯೋಗ. ಊರಿಗೆಲ್ಲ ಒಂಬತ್ತು ಪಾಯಿಂಟ್ ಎಂಟು ಬರುವ ಉತ್ತರ ಇವಳಿಗೆ ಮಾತ್ರ ಹತ್ತು ಪಾಯಿಂಟ್ ಒಂಬತ್ತು ಬರುತ್ತಿತ್ತು.

"ಸೋಮವಾರ ಕಡೀ ದಿನ ನೋಡು," ಎಂದರು ಸರ್. "ನಾ ನಾಕರ ಕಲ್ಯಾಣ ಬಸ್ಸಿಗೆ ಊರಿಗೆ ಹೋಗ್ತೀನಿ. ಅಷ್ಟರೊಳಗ ಸರಿ ಮಾಡ್ಕೊಂಡು ಬಂದ್ರ ಸಹಿ. ಇಲ್ಲಂದ್ರ ಪ್ರಾಕ್ಟಿಕಲ್ ಪರೀಕ್ಷಾಕ್ಕ ಕೂಡಸಂಗಿಲ್ಲ. ಮುಂದಿನ ವರ್ಷ ಮತ್ತ ಮೊದಲಿಂದ ಬಾ."

ಮುಂದಿನ ವರ್ಷ ಎನ್ನುವುದು ಸರ್‌ಗೆ ಸುಲಭದ ಮಾತು. ನಿರ್ಣಾದಿಂದ ಹುಮನಾಬಾದಿನ ಕಾಲೇಜಿಗೆ ದಿನಾ ಬಂದು ಹೋಗುವ ಹುಡುಗಿಗೆ ಇನ್ನೊಂದು ವರ್ಷವನ್ನು ಮನೆಯವರ ಮುಂದೆ ಕೇಳುವುದು ಹೇಗೆಂದು ಗೊತ್ತಿರಲಿಲ್ಲ. ಕುರಿ ಕಾಯುವ ಮನೆಯಿಂದ ವಿಜ್ಞಾನ ಓದಲು ಹೊರಟವಳು ಅವಳೊಬ್ಬಳೇ. ಸೋತು ಬಂದರೆ ಅವಳ ಹಿಂದೆ ಯಾರನ್ನೂ ಕಳಿಸುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಹೊರಗೆ ಬಂದಾಗ ಸಹಪಾಠಿ ಸ್ವಪ್ನಿಲ ಹೇಳಿದ, "ನೀ ಭಾಳ ಶಾಣ್ಯಾಕಿ ಆಗಾಕ ಹೋಗಬ್ಯಾಡ. ಉತ್ತರ ಮೊದಲ ಬರಿ, ಅಲ್ಲಿಂದ ಹಿಂದಕ್ಕ ಬಾ. ನಾವೆಲ್ಲ ಸೀನಿಯರ್ ಜರ್ನಲ್ ನೋಡೇ ಬರ್ದೀವಿ. ಆ ಗುಂಡು ಮುಟ್ಟಿದಾಕಿ ನೀ ಒಬ್ಬಾಕೇ."

"ನನಗ ಮೂವತ್ತೆಂಟು ಸೆಕೆಂಡೇ ಬರ್ತದ. ಹತ್ತು ಸಲ ಮಾಡೀನಿ."

"ನಲವತ್ತು ಅಂತ ಬರಿ. ಎರಡ ಸೆಕೆಂಡಿಂದ ಏನ ಮುಳುಗಿ ಹೋಗ್ತದ?"

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಾಗ ಅವಳು ಜರ್ನಲ್ ತೆರೆದು, ಪೆನ್ನಿನ ಮುಚ್ಚಳ ತೆಗೆದಳು. ಮೂವತ್ತೆಂಟನ್ನು ಹೊಡೆದು ನಲವತ್ತು ಬರೆಯಲು ಎಷ್ಟು ಹೊತ್ತು? ಆದರೆ ಕೈ ಮುಂದೆ ಹೋಗಲಿಲ್ಲ. ಆ ಕೈಗೆ ಅಭ್ಯಾಸ ಮಾಡಿಸಿದವಳು ಅಜ್ಜಿ ಸಖುಬಾಯಿ, ಅವಳ ಆಯಿ. ನಿರ್ಣಾದಲ್ಲಿ ಯಾರದೇ ಕಣದಲ್ಲಿ ರಾಶಿಯಾಗಲಿ, ಕಾಳು ಅಳೆಯಲು ಸಖುಬಾಯಿಯನ್ನೇ ಕರೆಯುತ್ತಿದ್ದರು. ಸೇರು ತುಂಬಿ, ಅಂಗೈಯಿಂದ ಬಾಯಿ ಸವರಿ, ಸುರಿಯುತ್ತಿದ್ದಳು. ಒಮ್ಮೆ ಸ್ವಂತ ತಮ್ಮನೇ ಕೂಲಿಯವರ ಪಾಲಿಗೆ ಕೈ ಸ್ವಲ್ಪ ಒತ್ತಿ ಸವರಕ್ಕಾ, ನಾಕು ಕಾಳು ನಮಗ ಉಳೀತಾವ ಎಂದದ್ದಕ್ಕೆ ಸೇರನ್ನು ರಾಶಿಯ ಮೇಲೆ ಇಟ್ಟು ಮನೆಗೆ ನಡೆದಿದ್ದಳು. ಮೂರು ವರ್ಷ ಅವನ ಕಣ ಮೆಟ್ಟಲಿಲ್ಲ. ಮೊಮ್ಮಗಳು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಆಯಿಯ ಪಕ್ಕದಲ್ಲಿ ಕೂತು ಜೊತೆಗೆ ಎಣಿಸುತ್ತಿದ್ದಳು. ಆ ಆಯಿ ಹೋದ ಶ್ರಾವಣದಲ್ಲಿ ತೀರಿಕೊಂಡಿದ್ದಳು.

ಸಾಕ್ಷಿ ಪೆನ್ನಿನ ಮುಚ್ಚಳ ಹಾಕಿದಳು. ಬಂದದ್ದನ್ನು ಬಂದ ಹಾಗೆ ಬರೆದರೂ ಅದು ತಪ್ಪು ಎಂದಾದರೆ, ತನ್ನ ಕೈಯಲ್ಲೇ ಏನೋ ಐಬು ಇರಬೇಕು ಎನಿಸಿತು. ಪರೀಕ್ಷೆಯ ಚಿಂತೆಗಿಂತ ಅದೇ ಹೆಚ್ಚು ಸಂಕಟ ಕೊಟ್ಟಿತು.

ಭಾನುವಾರ ಮನೆಯ ಹೊಲದ ತೊಗರಿ ರಾಶಿ. ಮಷಿನ್ ಬಂದು ಮುಂಜಾನೆಯೇ ಒಕ್ಕಿ ಹೋಗಿತ್ತು. ಮಾರುವ ಕಾಳು ಚೀಲಕ್ಕೆ ಬಿದ್ದು ಕಾಟಾದ ಮೇಲೆ ತೂಗುತ್ತದೆ. ಕೂಲಿಯವರ ಪಾಲು ಮಾತ್ರ ಇಂದಿಗೂ ಸೇರಿನಲ್ಲೇ ಆಗಬೇಕು. ತೊಗರಿ ಕೊಯ್ದ ಗಯಾಬಾಯಿ ತನ್ನ ಚೀಲದ ಬಾಯಿ ಬಿಡಿಸಿ ಹಿಡಿದು ಕೂತಿದ್ದಳು. ಅಪ್ಪ ಪಂಡರಿ ಸೇರನ್ನು ಕೈಗೆ ತೆಗೆದುಕೊಂಡವನು ಅದನ್ನೇ ನೋಡುತ್ತ ನಿಂತ. ಆಮೇಲೆ ಮಗಳನ್ನು ಕರೆದ.

"ಬಾ ಅವ್ವಾ. ಆಯಿ ಇಲ್ಲ. ನಾ ಸುರೀತೀನಿ, ನೀ ಎಣಸು."

ಅವನು ತುಂಬಿ, ಸವರಿ, ಗಯಾಬಾಯಿಯ ಚೀಲಕ್ಕೆ ಸುರಿದ.

"ಲಾಭ," ಎಂದಳು ಸಾಕ್ಷಿ.

ರಾಶಿಯ ಮುಂದೆ ಯಾರೂ ಒಂದು ಎನ್ನುವುದಿಲ್ಲ. ಮೊದಲನೆಯದು ಲಾಭ, ಆಮೇಲೆ ಎರಡು, ಮೂರು. ಅವಳ ನಾಲಿಗೆಗೆ ಇದು ನಡಿಗೆಯಷ್ಟೇ ಸಲೀಸು. ಎರಡು, ಮೂರು, ನಾಲ್ಕು ಎಂದವಳು ಐದಕ್ಕೆ ತಟ್ಟನೆ ನಿಂತಳು. ಲ್ಯಾಬಿನಲ್ಲಿ ಗುಂಡು ಬಿಟ್ಟು ಸ್ಟಾಪ್‌ವಾಚಿನ ಗುಂಡಿ ಒತ್ತುವಾಗ ತನ್ನ ತುಟಿ ಏನು ಹೇಳುತ್ತಿತ್ತು? ಲಾಭ ಎನ್ನುತ್ತಿತ್ತು. ಗುಂಡು ಒಂದು ಸಲ ಹೋಗಿ ಬರುವಷ್ಟರಲ್ಲಿ ಎರಡು ಎನ್ನುತ್ತಿತ್ತು. ಇಪ್ಪತ್ತು ಎಂದು ಗಡಿಯಾರ ನಿಲ್ಲಿಸಿದಾಗ ಆಗಿದ್ದದ್ದು ಹತ್ತೊಂಬತ್ತೇ. ಒಂದು ಸಲ ಹೋಗಿ ಬರಲು ಎರಡು ಸೆಕೆಂಡು. ಆ ಎರಡು ಸೆಕೆಂಡು ಇಲ್ಲಿ, ಈ ಕಣದಲ್ಲಿ ಸಿಕ್ಕಿತ್ತು.

ಖುಷಿಯಾಗಬೇಕಾಗಿತ್ತು. ಆಗಲಿಲ್ಲ. ಆಯಿ ಕಲಿಸಿದ್ದೇ ತಪ್ಪಾಗಿತ್ತೇ ಎಂಬ ಮಾತು ಮನಸ್ಸಿಗೆ ಬಂತು.

"ಯಾಕ ನಿಂತಿ? ಎಣಿಕಿ ತಪ್ಪಿತೇನ?" ಪಂಡರಿ ಕೇಳಿದ.

"ಅಪ್ಪಾ, ಆಯಿ ಲಾಭ ಅಂತಿದ್ದದ್ದು ಯಾವಾಗ? ಸೇರು ಎತ್ತಿದಾಗೋ, ಸುರದ ಮ್ಯಾಗೋ?"

"ಸುರದ ಮ್ಯಾಗ." ಪಂಡರಿಗೆ ಇದೇನು ಪ್ರಶ್ನೆ ಎನಿಸಿತು. "ಕಾಳು ಅವರ ಚೀಲದಾಗ ಬೀಳೂತನ ಬಾಯಿ ತೆರೀತಿದ್ದಿಲ್ಲ ಆಕಿ."

"ಹೌದವ್ವಾ," ಎಂದಳು ಗಯಾಬಾಯಿ. "ನಾವು ಆಕಿ ಬಾಯೇ ನೋಡ್ಕೋತ ಕೂಡ್ತಿದ್ದಿವಿ. ಬಿದ್ದಿದ್ದಷ್ಟೇ ಎಣಸಾಕಿ."

ಸಾಕ್ಷಿ ಐದು ಎಂದಳು. ಇಪ್ಪತ್ತರ ತನಕ ಒಂದೂ ತಪ್ಪಲಿಲ್ಲ. ಆಮೇಲೆ ಹೊಟ್ಟಿನ ಗುಡ್ಡೆಯ ಹಿಂದೆ ಹೋಗಿ, ಶ್ರಾವಣದಲ್ಲಿ ನಾಲ್ಕು ಜನರ ನಡುವೆ ಅಳಲಾಗದೆ ಉಳಿದಿದ್ದನ್ನೆಲ್ಲ ಅತ್ತಳು.

ಸೋಮವಾರ ಅವಳ ಸರದಿ ಬಂದಾಗ ಮೂರು ಗಂಟೆ ದಾಟಿತ್ತು. ಮಹಾರುದ್ರಪ್ಪ ಸರ್ ಚೀಲವನ್ನು ಟೇಬಲ್ಲಿನ ಮೇಲೆ ತೆಗೆದಿಟ್ಟುಕೊಂಡೇ ಕೂತಿದ್ದರು.

"ಸರಿ ಮಾಡಿ ಬರ್ಕೊಂಡು ಬಂದಿಯೇನ?"

"ಇಲ್ರಿ ಸರ್. ನಿಮ್ಮ ಮುಂದ ಮಾಡ್ತೀನ್ರಿ."

ಸರ್ ಗೋಡೆಯ ಗಡಿಯಾರ ನೋಡಿದರು. ಬೈಯುತ್ತಾರೆ ಎಂದುಕೊಂಡರೆ ಬೈಯಲಿಲ್ಲ. ಅಟೆಂಡರ್ ಖಮರುದ್ದೀನ್ ಸ್ಟ್ಯಾಂಡಿಗೆ ಗುಂಡು ಕಟ್ಟಿ, ಒಂದು ಮೀಟರ್ ಅಳೆದು ಕೊಟ್ಟ. ಸರ್ ಸ್ಟಾಪ್‌ವಾಚನ್ನು ತಾವೇ ಹಿಡಿದರು.

"ಜೋರಾಗಿ ಎಣಸು. ನನಗ ಕೇಳಬೇಕು."

ಇದನ್ನು ಅವಳು ಊಹಿಸಿರಲಿಲ್ಲ. ಕಣದ ಮಾತನ್ನು ಇವರೆಲ್ಲರ ಮುಂದೆ ಹೇಗೆ ಆಡುವುದು? ಸ್ವಪ್ನಿಲನೂ ಇನ್ನೂ ನಾಲ್ಕು ಜನರೂ ಸುತ್ತ ನಿಂತಿದ್ದರು. ಅವಳು ಗುಂಡನ್ನು ಬಿಟ್ಟಳು. ಅದು ನಡುಗೆರೆ ದಾಟಿದಾಗ ಸರ್ ಗುಂಡಿ ಒತ್ತಿದರು. ಸಾಕ್ಷಿ ಬಾಯಿ ತೆರೆಯಲಿಲ್ಲ.

"ಎಣಸು," ಎಂದರು ಸರ್.

ಗುಂಡು ಆ ತುದಿಗೆ ಹೋಯಿತು, ಈ ತುದಿಗೆ ಬಂತು, ಮತ್ತೆ ನಡುಗೆರೆ ಮುಟ್ಟಿತು.

"ಲಾಭ," ಎಂದಳು.

ಯಾರೋ ಕಿಸಕ್ಕೆಂದರು. ಅವಳ ದನಿ ನಿಲ್ಲಲಿಲ್ಲ. ಎರಡು, ಮೂರು, ನಾಲ್ಕು. ಎಂಟು ಹತ್ತಾಗುವಷ್ಟರಲ್ಲಿ ನಗುವವರೂ ಗುಂಡಿನ ಜೊತೆ ಕತ್ತು ಆಡಿಸತೊಡಗಿದ್ದರು. ಇಪ್ಪತ್ತು ಎಂದಾಗ ಸರ್ ಗಡಿಯಾರ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ನಲವತ್ತು ಪಾಯಿಂಟ್ ಎರಡು."

"ನಮ್ಮ ಮನ್ಯಾಗ ಒಂದಕ್ಕ ಬರಕತ್ ಅಂತಾರ," ಎಂದ ಖಮರುದ್ದೀನ್ ಮೆಲ್ಲಗೆ, ಯಾರಿಗೆಂದಿಲ್ಲದೆ. "ಬರಕತ್, ದೋ, ತೀನ್."

ಸಾಕ್ಷಿ ಪೆನ್ಸಿಲಿನಿಂದ ಗುಣಿಸಿ, ಭಾಗಿಸಿ, ಅಳಿಸಿ, ಮತ್ತೆ ಭಾಗಿಸಿದಳು. ಒಂಬತ್ತು ಪಾಯಿಂಟ್ ಏಳು ಏಳು. "ಎಂಟು ಅಂತ ಬರಿ," ಎಂದು ಸ್ವಪ್ನಿಲ ಪಿಸುಗುಟ್ಟಿದ. ಅವಳು ಏಳು ಏಳು ಎಂದೇ ಬರೆದಳು. ಸರ್ ಹಿಂದಿನ ಹಾಳೆ ತಿರುವಿ, ಕೆಂಪು ಗೆರೆಯ ಕೆಳಗಿದ್ದ ಮೂವತ್ತೆಂಟರ ಸಾಲನ್ನು ಬೆರಳಿಟ್ಟು ಓದಿದರು. ಅವರ ಮುಖದ ಮೇಲಿನ ಅವಸರ ಇಳಿದಿತ್ತು.

"ಇದನ್ನ ಹರದು ಒಗೀತಿಯೇನ?"

"ಬ್ಯಾಡ್ರಿ ಸರ್. ಇರ್ಲಿ."

"ಎಣಸಾಕ ಯಾರ ಕಲಿಸ್ಯಾರ?"

"ನಮ್ಮ ಆಯಿ ರೀ."

ಸರ್ ಸಹಿ ಮಾಡಿ, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದರು. ಹುಡುಗರೂ ಚದುರಿದರು. ಖಮರುದ್ದೀನ್ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದ. ಹಾಳೆಯ ಮೇಲೆ ಅಳಿಸಿದ ರಬ್ಬರಿನ ಪುಡಿ ಹಾಗೇ ಬಿದ್ದಿತ್ತು. ಸಾಕ್ಷಿ ಅಂಗೈ ಚಪ್ಪಟೆ ಮಾಡಿ, ಒತ್ತದೆ, ಈ ಅಂಚಿನಿಂದ ಆ ಅಂಚಿಗೆ ಒಮ್ಮೆ ಸವರಿದಳು.