ಅಳಿಲು ಕೋವಿ

ಲೋಕದಲ್ಲಿ ಯುದ್ಧಗಳಾಗುತ್ತವೆ, ಸರ್ಕಾರಗಳು ಬೀಳುತ್ತವೆ; ಅವೆಲ್ಲ ಹೇಗೋ ಒಂದು ದಡ ಮುಟ್ಟುತ್ತವೆ. ಆದರೆ ಒಂದು ಜಿಂಕೆಯನ್ನು ಕೊಲ್ಲಲು ಗುಂಡು ಎಷ್ಟು ದಪ್ಪವಿರಬೇಕೆಂಬ ಪ್ರಶ್ನೆ ಉತ್ತರ ಪೆನ್ಸಿಲ್ವೇನಿಯಾದ ಗುಡ್ಡಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಇದರ ಸಲುವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಒಬ್ಬ ಪಾದ್ರಿ ಬಾಯಿತಪ್ಪಿ ತನ್ನ ಅಭಿಪ್ರಾಯ ಹೇಳಿ, ಅರ್ಧ ಸಭೆಯನ್ನು ಕಳೆದುಕೊಂಡಿದ್ದಾನೆ. ಇಂಥ ಗಹನವಾದ ವಿಷಯದಲ್ಲಿ ಕೊನೆಯ ತೀರ್ಪು ಕೊಡುವ ಅಧಿಕಾರ ತನ್ನದೆಂದು ಹಾರ್ಲನ್ ಯೋಸ್ಟ್ ನಂಬಿದ್ದ. ಅವನು ಊರಿನ ಕ್ಷೌರಿಕ. ಕತ್ತಿನ ಮೇಲೆ ಕತ್ತಿ ಆಡುತ್ತಿರುವಾಗ ಗಿರಾಕಿಗಳು ಸಾಮಾನ್ಯವಾಗಿ ವಾದಕ್ಕಿಳಿಯುವುದಿಲ್ಲವಾದ್ದರಿಂದ, ಆ ನಂಬಿಕೆಗೆ ಇದುವರೆಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ.

ಅವನ ಕೋವಿ ಮುನ್ನೂರರ ಮ್ಯಾಗ್ನಂ, ಗುಂಡಿನ ದಪ್ಪ ಎಂಟು ಮಿಲಿಮೀಟರಿಗೆ ಹತ್ತಿರ. ನಮ್ಮ ಕಡೆಯ ಬಿಳಿಬಾಲದ ಜಿಂಕೆ ಒಂದು ದೊಡ್ಡ ಆಡಿನಷ್ಟಿರುತ್ತದೆ. ಈ ಕೋವಿ ಮಾಡಿದ್ದು ಲಾರಿಯಷ್ಟು ದೊಡ್ಡ ಪ್ರಾಣಿಗಳಿಗೆ. ಹೊಡೆದರೆ ಕಣಿವೆ ಗುಡುಗುತ್ತಿತ್ತು, ಹೊಡೆದವನ ಹಲ್ಲು ಅಲುಗುತ್ತಿತ್ತು. ಇದಕ್ಕಿಂತ ಸಣ್ಣದನ್ನೆಲ್ಲ ಹಾರ್ಲನ್ "ಅಳಿಲು ಕೋವಿ" ಎನ್ನುತ್ತಿದ್ದ. ಅದನ್ನು ಹಿಡಿದವರನ್ನು ಏನೆನ್ನುತ್ತಿದ್ದ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಆ ಕೋವಿಯಿಂದ ಹಿಂದಿನೆರಡು ವರ್ಷ ಅವನಿಗೆ ಒಂದು ಜಿಂಕೆಯೂ ಬಿದ್ದಿರಲಿಲ್ಲ.

ಹೆಮ್ಲಾಕ್ ಹಳ್ಳದ ಬೇಟೆ ಬಿಡಾರದಲ್ಲಿ ಇದು ಗುಟ್ಟಾಗಿರಲು ಸಾಧ್ಯವಿರಲಿಲ್ಲ. ಅಲ್ಲಿ ಗುರಿ ತಪ್ಪಿದವನ ಅಂಗಿಯ ಹಿಂದಿನ ಚುಂಗನ್ನು ಕತ್ತರಿಸಿ, ಹೆಸರು ಬರೆದು, ಒಲೆಯ ಹಿಂದಿನ ಗೋಡೆಗೆ ಮೊಳೆ ಹೊಡೆಯುವುದು ಅಜ್ಜಂದಿರ ಕಾಲದ ಪದ್ಧತಿ. ಹಾರ್ಲನ್‌ನ ಎರಡು ಚುಂಗುಗಳು ಒಂದರ ಪಕ್ಕ ಒಂದು ತೂಗುತ್ತಿದ್ದವು. ಸತತವಾಗಿ ಮೂರನೆಯದು ಬಿದ್ದರೆ ಆ ಮನುಷ್ಯ ಜಿಂಕೆಗೆ ಕಾದು ಕೂರುವ ತನ್ನ ಜಾಗ ಬಿಟ್ಟುಕೊಟ್ಟು ಬಿಡಾರದ ಅಡುಗೆಗೆ ನಿಲ್ಲಬೇಕು. ಹಾರ್ಲನ್‌ನ ಜಾಗ ಗುಡ್ಡದ ನೆತ್ತಿಯ ಬಂಡೆ. ಅವನಪ್ಪ ಕೂತದ್ದು, ಅವನಜ್ಜ ಕೂತದ್ದು. ಅವನು ಅದರ ಮೇಲೆ ಕೂತೇ ಸಾಯಬೇಕೆಂದು ಯೋಚಿಸಿಟ್ಟುಕೊಂಡಿದ್ದ. ಅವನ ಹೆಂಡತಿಯ ತಮ್ಮ ಡೆಲ್ಮರ್ ಕ್ರೈಡರ್ ಆ ಬಂಡೆಯನ್ನು ಹಸಿದವನು ಹೋಟೆಲಿನ ಗಾಜು ನೋಡುವ ಹಾಗೆ ನೋಡುತ್ತಿದ್ದ.

ತಪ್ಪು ಕೋವಿಯ ಮೇಲಿನ ದುರ್ಬೀನಿನದು ಎಂದು ಹಾರ್ಲನ್ ಹೇಳುತ್ತಿದ್ದ. ಆಮೇಲೆ ಗಾಳಿಯದು ಎಂದ. ಬೇಸಿಗೆಯಲ್ಲಿ ಬಲ ಭುಜದ ಶಸ್ತ್ರಚಿಕಿತ್ಸೆಯಾದ ಮೇಲೆ ಡಾಕ್ಟರು ಒದೆಯುವ ಕೋವಿ ಮುಟ್ಟಕೂಡದೆಂದರು. ಹೆಂಡತಿ ಐಡೆಲ್ಲಾ ಪಕ್ಕದಲ್ಲೇ ನಿಂತಿದ್ದಳು.

"ಇಷ್ಟು ವರ್ಷದಲ್ಲಿ ಆ ಕೋವಿ ಜಿಂಕೆಗಿಂತ ನಿನ್ನನ್ನೇ ಜಾಸ್ತಿ ಹೊಡೆದಿದೆ," ಎಂದಳು. "ಒಂದು ಸಣ್ಣದು ತಗೋ. ಯಾರು ನೋಡ್ತಾರೆ?"

ಯಾರು ನೋಡುತ್ತಾರೆ ಎನ್ನುವುದೇ ಹಾರ್ಲನ್‌ನ ಬದುಕಿನ ಮುಖ್ಯ ಸಮಸ್ಯೆಯಾಗಿತ್ತೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ.

ಅಕ್ಟೋಬರಿನಲ್ಲಿ ಅವನು ತನ್ನ ಗಿರಾಕಿಗಳು ಯಾರೂ ಹೋಗದ ಊರೊಂದನ್ನು ಹುಡುಕಿ, ಎರಡು ಜಿಲ್ಲೆ ದಾಟಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕೋವಿಯಂಗಡಿಗೆ ಹೊಕ್ಕ. ಗಲ್ಲಾದ ಹಿಂದೆ ರಾಬರ್ಟಾ ಲೆಂಗಲ್ ಎಂಬ ಅಂಗಡಿಯೊಡತಿ ಕೂತು ಸೇಬು ಕತ್ತರಿಸಿ ತಿನ್ನುತ್ತಿದ್ದಳು.

"ನನ್ನ ಹೆಂಡ್ತಿಗೆ ಒಂದು ಹಗುರ ಕೋವಿ ಬೇಕಿತ್ತು," ಎಂದ. "ಜಿಂಕೆಗೆ."

"ಆಗ್ಲಿ. ಅವ್ರು ಎಷ್ಟು ಎತ್ತರ?"

ಹಾರ್ಲನ್ ಇದನ್ನು ಯೋಚಿಸಿರಲಿಲ್ಲ. ಕೋವಿ ಅಂಗಿಯ ಹಾಗೆ, ಮೈಗೆ ಒಪ್ಪಬೇಕು. ಐಡೆಲ್ಲಾ ಅವನ ಎದೆಯವರೆಗೆ ಬರುತ್ತಿದ್ದಳು.

"ಹೆಚ್ಚುಕಮ್ಮಿ ನನ್ನಷ್ಟೇ."

"ತೋಳು?"

"ಅದೂ ನನ್ನಷ್ಟೇ."

"ಭುಜ?"

"ಬಲಗಡೇದು ಸ್ವಲ್ಪ ನೋವು."

"ನಿಮ್ಮಷ್ಟೇ," ಎಂದಳು ರಾಬರ್ಟಾ, ಸೇಬಿನ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತ. "ಮದುವೆ ಫೋಟೋದಲ್ಲಿ ಯಾರು ಯಾರು ಅಂತ ಹೇಗೆ ಗುರುತು ಹಿಡೀತೀರಿ?"

ಹಾರ್ಲನ್ ನಗಲಿಲ್ಲ. ಅವಳೂ ನಗಲಿಲ್ಲ. ಮೂರು ಕೋವಿ ತಂದು ಕಂಬಳಿಯ ಮೇಲೆ ಮಲಗಿಸಿದಳು.

"ಇದು ನರಿ ಹೊಡೆಯೋದು. ಇದ್ರಲ್ಲಿ ಜಿಂಕೆನೂ ಬೀಳತ್ತೆ ಅಂತ ಕೆಲವರು ಎದೆ ತಟ್ಕೋತಾರೆ. ಗಾಯ ಆಗಿ ಪೊದೆ ಸೇರಿ ಸತ್ತಿದ್ದನ್ನ ಹುಡುಕೋಕೆ ಅವ್ರು ಹೋಗಲ್ಲ. ನಿಮ್ಮ ಹೆಂಡ್ತಿಗೆ ಬೇಡ. ಆ ಕಡೇದು ಏಳು ಮಿಲಿಮೀಟರು ಗುಂಡಿಂದು, ಒಳ್ಳೇದೇ, ಆದ್ರೆ ಆ ಭುಜಕ್ಕೆ ಜಾಸ್ತಿಯಾಯ್ತು. ನಡುವಿಂದು ಆರು ಮಿಲಿಮೀಟರು. ಇದಕ್ಕೆ ಹಗುರ ಗುಂಡು ಹಾಕ್ಬೇಡಿ, ಚರ್ಮದಲ್ಲೇ ಸಿಡಿದುಹೋಗತ್ತೆ. ಇದ್ರಲ್ಲೇ ಭಾರದ್ದು ಬರತ್ತೆ, ಅದನ್ನ ಹಾಕಿ."

"ಜಿಂಕೆ ಬೀಳತ್ತಾ?" ಹಾರ್ಲನ್ ಅದನ್ನು ಎರಡು ಬೆರಳಲ್ಲಿ ಎತ್ತಿದ, ಯಾರದೋ ಮಗುವಿನ ಒದ್ದೆ ಚಡ್ಡಿಯನ್ನು ಎತ್ತುವ ಹಾಗೆ. "ಇಷ್ಟೇ ಇಷ್ಟಿದೆ."

"ಮುಂಗಾಲಿನ ಹಿಂದೆ ಎದೆಗೆ ಬಿದ್ರೆ ಇದೇ ಸಾಕು. ಹೊಟ್ಟೆಗೆ ಬಿದ್ರೆ ಫಿರಂಗಿನೂ ಸಾಲಲ್ಲ. ಹಿತ್ತಲಿಗೆ ಬನ್ನಿ. ನಿಮ್ಮ ಹೆಂಡ್ತಿ ಪರವಾಗಿ ನೀವೇ ಹೊಡೆದು ನೋಡಿ."

ಹಿತ್ತಲಿನಲ್ಲಿ ಮಣ್ಣಿನ ದಿಬ್ಬಕ್ಕೆ ಕಾಗದ ಅಂಟಿಸಿತ್ತು. ರಾಬರ್ಟಾ ಅವನಿಗೆ ಬೆನ್ನು ಮಾಡಿ ತೋಟಾ ತುಂಬಿ ಕೊಟ್ಟಳು. ಹಾರ್ಲನ್ ಗುರಿ ಹಿಡಿದು ಕೋವಿಯ ಕುದುರೆ ಎಳೆದ. ಸದ್ದೇ ಬರಲಿಲ್ಲ, ಅವಳು ಹಾಕಿದ್ದು ಖಾಲಿ ತೋಟಾ. ಆದರೂ ಕೋವಿಯ ಮೂತಿ ಗಕ್ಕನೆ ನೆಲ ನೋಡಿತ್ತು, ಅವನ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಭುಜ ಬಾರದ ಒದೆತಕ್ಕೆ ಹೆದರಿ ಕಿವಿಯವರೆಗೆ ಏರಿತ್ತು.

"ನಿಮ್ಮ ಹೆಂಡ್ತಿ ಹೊಡೆಯೋವಾಗ ಕಣ್ಣು ಮುಚ್ಕೋತಾರೆ," ಎಂದಳು ರಾಬರ್ಟಾ.

ಇಷ್ಟು ಹೊತ್ತಿಗೆ ಬೇರೆ ಯಾರಾಗಿದ್ದರೂ ಸತ್ಯ ಒಪ್ಪಿಕೊಳ್ಳುತ್ತಿದ್ದರು. ಹಾರ್ಲನ್ ಗಂಭೀರವಾಗಿ ತಲೆಯಾಡಿಸಿ, "ಅವಳಿಗೆ ಮೊದಲಿಂದ ಸ್ವಲ್ಪ ಭಯ," ಎಂದ.

ಆಮೇಲೆ ನಿಜವಾದ ತೋಟಾ ಹಾಕಿ ಹೊಡೆದ. ಕೋವಿ ಭುಜವನ್ನು ಗೆಳೆಯನ ಹಾಗೆ ತಟ್ಟಿತು, ಅಷ್ಟೆ. ಮತ್ತೆ ಹೊಡೆದ, ಮತ್ತೂ ಹೊಡೆದ. ಕೊನೆಕೊನೆಗೆ ಕಣ್ಣು ತೆರೆದೇ ಇತ್ತು, ತೂತುಗಳೆಲ್ಲ ಒಂದು ಅಂಗೈಯಗಲದಲ್ಲಿ ಕೂತಿದ್ದವು. ಅಷ್ಟು ಚೆನ್ನಾಗಿ ಅವನು ಎಷ್ಟೋ ವರ್ಷಗಳಿಂದ ಹೊಡೆದಿರಲಿಲ್ಲ. ಅವನಿಗೆ ಸಂತೋಷವಾಯಿತು, ಮರುಗಳಿಗೆಗೆ ಸಂತೋಷವಾದದ್ದಕ್ಕೆ ನಾಚಿಕೆಯಾಯಿತು. ಕೋವಿಯನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿಸಿಕೊಂಡು ಮನೆಗೆ ತಂದ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಭಾನುವಾರ, ಬೇಟೆ ಶುರುವಾಗುವ ಮುನ್ನಾದಿನ, ಬಿಡಾರ ತುಂಬಿತು. ಹಾರ್ಲನ್ ಮ್ಯಾಗ್ನಂ ಕೋವಿಯನ್ನು ಎಲ್ಲರಿಗೂ ಕಾಣುವಂತೆ ಗೂಟಕ್ಕೆ ನೇತುಹಾಕಿದ. ಹೊದಿಕೆಯಲ್ಲಿದ್ದದ್ದು ಪಿಕಪ್ಪಿನ ಸೀಟಿನ ಹಿಂದೆ ಉಳಿಯಿತು.

ಊಟದ ಹೊತ್ತಿಗೆ ಡೆಲ್ಮರ್ ಸುದ್ದಿ ತೆಗೆದ. "ಭಾವ, ಗೊತ್ತಾಯ್ತಾ? ಗುಡ್ಡದಾಚೆ ಬಿಡಾರದಲ್ಲಿ ಒಬ್ಬ ಬೆನ್ನುನೋವು ಅಂತ ಆರು ಮಿಲಿಮೀಟರಿಗೆ ಇಳಿದಿದ್ದಾನಂತೆ."

ಬಿಡಾರದ ಹಿರಿಯ ಓಟಿಸ್, ಎಲ್ಲರಿಗೂ ಮಾವ, ಬೀನ್ಸಿನ ತಟ್ಟೆಯಿಂದ ತಲೆಯೆತ್ತದೆ, "ನೋವಿದ್ದರೆ ಏನು ಮಾಡ್ತಾನೆ ಪಾಪ," ಎಂದ.

ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುಮ್ಮನಿರುವುದು ಹಾರ್ಲನ್‌ಗೆ ಹೊಂದುವ ಕೆಲಸವಲ್ಲ.

"ನೋವಿದ್ದರೆ ಮನೇಲಿ ಕೂತು ಸ್ವೆಟರ್ ಹೆಣೀಲಿ, ಮಾವ. ಅಳಿಲು ಕೋವಿ ಹಿಡ್ಕೊಂಡು ಕಾಡಿಗೆ ಬರೋದು ಯಾಕೆ? ಅಂಥವನ ಜೊತೆ ನಾನು ಒಂದು ಲೋಟ ಕಾಫಿನೂ ಕುಡಿಯಲ್ಲ. ಅವನು ನನ್ನ ಅಂಗಡಿಗೆ ಬಂದ್ರೆ, ದೇವರಾಣೆಗೂ, ಜಡೆ ಹಾಕಿ ಕಳಿಸ್ತೀನಿ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಾರ್ಲನ್.

ಮರುದಿನ ಬೆಳಕು ಹರಿಯುವ ಮುಂಚೆ ಮ್ಯಾಗ್ನಂ ಹೆಗಲಿಗೇರಿಸಿ ಹೊರಬಿದ್ದ. ಪಿಕಪ್ಪಿನ ಹತ್ತಿರ ಕತ್ತಲಲ್ಲೇ ಅದನ್ನು ಸೀಟಿನ ಹಿಂದೆ ತುರುಕಿ, ಸಣ್ಣದನ್ನು ತೆಗೆದು ಕೋಟಿನೊಳಗೆ ಅಪ್ಪಿಕೊಂಡ. ಪರರ ಹೆಂಡತಿಯ ಜೊತೆ ಓಡಿಹೋಗುವವನೂ ಇಷ್ಟು ಬಗ್ಗಿ ನಡೆಯುವುದಿಲ್ಲ.

ಬಂಡೆಯ ಮೇಲೆ ತೆಳುವಾಗಿ ಹಿಮ ಕೂತಿತ್ತು. ಬಿಸಿಲು ಮರಗಳ ತಲೆ ಮುಟ್ಟುವ ಹೊತ್ತಿಗೆ ಕೆಳಗಿನ ಬೀಚ್ ಮರಗಳ ನಡುವೆ ಕೊಂಬಿನ ಗಂಡೊಂದು ಮೂಗು ನೆಲಕ್ಕಿಟ್ಟು ಬಂತು. ಹಾರ್ಲನ್ ಕೋವಿ ಎತ್ತಿದ. ಭುಜ ಏರಲಿಲ್ಲ. ಕಣ್ಣು ಮುಚ್ಚಲಿಲ್ಲ. ದುರ್ಬೀನಿನಲ್ಲಿ ಅದರ ಮುಂಗಾಲಿನ ಹಿಂದಿನ ಮಡಿಕೆ, ಉಸಿರಿನ ಹಬೆ, ಕಿವಿಯ ತುದಿಯ ಹರಕು ಎಲ್ಲ ಕಂಡವು. ಕುದುರೆ ಎಳೆದ. ಅದೇ ಕ್ಷಣ ಕೆಳಗಿನ ಇಳಿಜಾರಿನಿಂದಲೂ ಒಂದು ಕೋವಿ ಗುಡುಗಿತು. ಎರಡು ಸದ್ದು ಒಂದರ ಮೇಲೊಂದು ಬಿದ್ದು ದೊಡ್ಡದು ಚಿಕ್ಕದನ್ನು ನುಂಗಿತು. ಜಿಂಕೆ ಒಮ್ಮೆ ಹಾರಿ, ಕೆಲವು ಮಾರು ಓಡಿ, ಮುಗ್ಗರಿಸಿ ಬಿದ್ದು ಅಲುಗದಾಯಿತು.

ಹಾರ್ಲನ್ ಇಳಿಯುತ್ತಿದ್ದಾಗ ಡೆಲ್ಮರ್‌ನ ಕಿತ್ತಳೆ ಕೋಟು ಕಂಡಿತು. ಕೈಯಲ್ಲಿದ್ದ ಕೋವಿಯನ್ನು ಬಿದ್ದ ಮರದಡಿಯ ಎಲೆಗಳೊಳಗೆ ತಳ್ಳಿ ಬರಿಗೈಯಲ್ಲಿ ಮುಂದೆ ಬಂದ.

"ನಂದು, ಭಾವ," ಎಂದ ಡೆಲ್ಮರ್ ಜಿಂಕೆಯ ಪಕ್ಕ ನಿಂತು ಏದುಸಿರಿನಲ್ಲಿ.

"ನಿನ್ನ ತಲೆ. ನಂದು."

"ನಿಂದು ಗುಡುಗಿದ್ದೇ ಕೇಳಿಸ್ಲಿಲ್ಲ."

"ನಿನ್ನ ಗುಡುಗಲ್ಲಿ ನಿನಗೆ ನಿನ್ನ ಹೆಸರೂ ಕೇಳ್ಸಿರಲ್ಲ."

"ಕೋವಿ ಎಲ್ಲಿ?"

"ಬಂಡೆ ಹತ್ರ ಇಟ್ಟೆ. ಜಿಂಕೆ ಎಳೆಯೋಕೆ ಎರಡು ಕೈ ಬೇಡ್ವಾ?"

ಜಿಂಕೆಯ ಮೈಮೇಲೆ ಇದ್ದದ್ದು ಒಂದೇ ತೂತು. ಇಬ್ಬರಲ್ಲಿ ಒಬ್ಬ ತಪ್ಪಿದ್ದ. ಇಬ್ಬರೂ ಬಾಯಿ ಬಿಗಿದುಕೊಂಡು ಒಂದೊಂದು ಕೊಂಬು ಹಿಡಿದು ಅದನ್ನು ಬಿಡಾರಕ್ಕೆ ಎಳೆದರು.

ಇಂಥ ಜಗಳವನ್ನು ಅಲ್ಲಿ ಬಗೆಹರಿಸುವುದು ಓಟಿಸ್ ಮಾವನ ಚಾಕು. ಅವನು ಜಿಂಕೆಯನ್ನು ಕಂಬಕ್ಕೆ ನೇತುಹಾಕಿ, ಆಚೆ ಪಕ್ಕೆಯ ಚರ್ಮದಡಿ ಉಬ್ಬಿದ್ದ ಜಾಗ ಕೊಯ್ದು ಗುಂಡನ್ನು ಹೊರತೆಗೆದ. ಮುಂಭಾಗ ಅಣಬೆಯ ಹಾಗೆ ಅರಳಿತ್ತು, ಬುಡ ಹಾಗೇ ಇತ್ತು. ಅದನ್ನು ತೊಳೆದು ಊಟದ ಮೇಜಿನ ಮೇಲಿಟ್ಟ.

"ಇಬ್ಬರೂ ಒಂದೊಂದು ತೋಟಾ ತೆಗೀರಿ."

ಡೆಲ್ಮರ್ ತೆಗೆದಿಟ್ಟ. ಹಾರ್ಲನ್‌ನ ಕೈ ಜೇಬಿನೊಳಗೆ ಹೋಗಿ, ಸಣ್ಣ ತೋಟಾ ಬೆರಳಿಗೆ ತಗುಲಿ, ಅಲ್ಲೇ ನಿಂತಿತು.

"ನಿಂದು ಬೇಡ ಬಿಡು," ಎಂದ ಓಟಿಸ್ ಹಾರ್ಲನ್‌ಗೆ, ಗುಂಡನ್ನು ಡೆಲ್ಮರ್‌ನ ತೋಟಾದ ಪಕ್ಕ ಹಿಡಿದು. "ನಿಮ್ಮಿಬ್ಬರ ಗುಂಡೂ ಒಂದೇ ದಪ್ಪ. ನಿಂದರಲ್ಲಿ ಮದ್ದು ಜಾಸ್ತಿ, ಗಲಾಟೆ ಜಾಸ್ತಿ, ಅಷ್ಟೆ. ಇದು ನೋಡು, ಇದಕ್ಕಿಂತ ಸಣ್ಣದು. ಇದು ನಿಂದೂ ಅಲ್ಲ, ಅವನದ್ದೂ ಅಲ್ಲ."

ಎಲ್ಲರೂ ಬಾಗಿ ನೋಡಿದರು.

"ಆರು ಮಿಲಿಮೀಟರು," ಎಂದ ಓಟಿಸ್. "ಈ ಬಿಡಾರದಲ್ಲಿ ಯಾರ ಹತ್ರ ಇದೆ?"

ಹಾರ್ಲನ್ ಒಂದು ಮಾತು ಹೇಳಿದ್ದರೆ ಜಿಂಕೆ ಅವನದು, ಬಂಡೆ ಅವನದು. ಒಂದೆರಡು ವರ್ಷ ಜಡೆಯ ವಿಷಯ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಗಂಡಸರು ಅದಕ್ಕಿಂತ ಕೆಟ್ಟದ್ದನ್ನು ಕೇಳಿಸಿಕೊಂಡು ಬದುಕಿದ್ದಾರೆ. ಅವನು ಬಾಯಿ ತೆರೆದ. ಡೆಲ್ಮರ್ ಅವನನ್ನೇ ನೋಡುತ್ತಿದ್ದ, ತುಟಿಯಂಚಿನಲ್ಲಿ ಆಗಲೇ ಅರ್ಧ ನಗು ಸಿದ್ಧವಾಗಿತ್ತು. ಅದು ಯಾರಿಗೆಂದು ಇನ್ನೂ ನಿರ್ಧಾರವಾಗಿರಲಿಲ್ಲ.

"ಗುಡ್ಡದಾಚೆಯವನದ್ದೇ ಇರ್ಬೇಕು," ಎಂದ ಹಾರ್ಲನ್. "ಆ ಬೆನ್ನುನೋವಿನವನದ್ದು. ನಮ್ಮ ಕಡೆ ದಾಟಿ ಬಂದು ಹೊಡೆದು, ನಮ್ಮನ್ನ ನೋಡಿ ಓಡಿಹೋಗಿದ್ದಾನೆ. ಅಂಥವರಿಗೆ ನಾಚಿಕೆ ಎಲ್ಲಿರತ್ತೆ?"

ಓಟಿಸ್ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

"ಯಾರೇ ಆಗ್ಲಿ, ಭಾವ, ಏಟು ಮಾತ್ರ ಏಟು," ಎಂದ ಡೆಲ್ಮರ್ ತೂತಿನ ಜಾಗ ತೋರಿಸಿ. "ಮುಂಗಾಲಿನ ಹಿಂದೆ, ಒಂದು ಬೆರಳೂ ಆಚೀಚೆ ಇಲ್ಲ. ಅಳಿಲು ಕೋವಿ ಇರ್ಬಹುದು, ಅವನಿಗೆ ಹೊಡೆಯೋಕೆ ಬರತ್ತೆ."

"ಅದೃಷ್ಟ," ಎಂದ ಹಾರ್ಲನ್. ಆ ದಿನ ಅವನ ಬಾಯಿಂದ ಬಂದ ಮಾತುಗಳಲ್ಲಿ ಇದೊಂದನ್ನು ಹೇಳಲು ಅವನಿಗೆ ಕಷ್ಟವಾಯಿತು.

ಇಬ್ಬರೂ ಹೊಡೆದು ತಪ್ಪಿದ್ದಾರೆಂದು ಬಿಡಾರ ತೀರ್ಮಾನಿಸಿತು. ಓಟಿಸ್ ಕುರಿಯ ತುಪ್ಪಟ ಕತ್ತರಿಸುವ ಕತ್ತರಿ ತಂದು ಮೊದಲು ಡೆಲ್ಮರ್‌ನದು, ಆಮೇಲೆ ಹಾರ್ಲನ್‌ನದು, ಎರಡು ಚುಂಗು ಕತ್ತರಿಸಿದ. ಡೆಲ್ಮರ್‌ಗೆ ಅದು ಮೊದಲನೆಯದು, ಹಾರ್ಲನ್‌ಗೆ ಮೂರನೆಯದು. ಯಜಮಾನನಿಲ್ಲದ ಜಿಂಕೆಗೆ ಓಟಿಸ್ ತನ್ನದೇ ಬೇಟೆ ಪರವಾನಗಿಯ ಚೀಟಿ ಕಟ್ಟಿದ.

ಬಂಡೆ ಡೆಲ್ಮರ್ ಕ್ರೈಡರ್‌ನ ಪಾಲಾಯಿತು. ಹಾರ್ಲನ್ ಯೋಸ್ಟ್ ಆ ಸಂಜೆ ಜಿಂಕೆಯ ಲಿವರನ್ನು ಈರುಳ್ಳಿ ಹಾಕಿ ಹುರಿದು ಎಲ್ಲರಿಗೂ ಬಡಿಸಿದ.