ತಿರುಗಿಸಿಟ್ಟ ಸೆಲ್ಲು

ಸಣ್ಣಬೀರಯ್ಯನಿಗೆ ನೆಟ್ಟಗಿನ ಒಂದು ಟಾರ್ಚಿರಲಿಲ್ಲ. ಇದ್ದ ಹಳೇ ಟಾರ್ಚನ್ನು ಅವನ ಅಣ್ಣ ತಿಮ್ಮಯ್ಯ ತಮ್ಮನ ಹೆಣದ ಪಕ್ಕದಲ್ಲೇ ನಿಂತು ಅಂಗಡಿ ವೀರಭದ್ರಸ್ವಾಮಿಯ ಮುಖಕ್ಕೆ ಹಿಡಿದು ಗುಂಡಿ ನೂಕಿದ. ಹತ್ತಲಿಲ್ಲ.

“ನೋಡ್ಲಾ, ಮೊನ್ನೆ ನೀನು ಕೊಟ್ಟ ಸೆಲ್ಲು! ಸತ್ತ ಮಾಲು ಕೊಟ್ಟು ನನ್ನ ತಮ್ಮನ್ನ ಆನೆ ಕಾಲಿಗೆ ಆಕ್ದೆ.”

“ಹೊಸ ಸೆಲ್ಲು ಕಣಪ್ಪಾ, ದೇವ್ರಾಣೆ.” ತಂದ ಹೂವಿನ ಹಾರ ಸ್ವಾಮಿಯ ಕೈಯಲ್ಲೇ ಇತ್ತು.

“ದ್ಯಾವ್ರೇನು ನಿನ್ನಂಗ್ಡೀಲಿ ಕುಂತಿದ್ನಾ, ಸಾಕ್ಷಿ ಏಳಕೆ?” ಎಂದಳು ಜಗಲಿಯ ಮುದುಕಿ. ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡರು.

ತಿಮ್ಮಯ್ಯ ಚಟ್ಟಕ್ಕೆ ತಂದಿದ್ದ ಬಿದಿರಿನ ಗಳು ಎತ್ತಿಕೊಂಡ. “ಇನ್ನೊಂದು ಚಟ್ಟ ಕಟ್ರೋ. ಎಲ್ಡೂ ಒಟ್ಗೆ ಓಗ್ಲಿ.”

ಸಣ್ಣಬೀರಯ್ಯನ ಹೆಂಡತಿ ಕುಳ್ಳಮ್ಮ ಹೆಣದ ಕಾಲ ಬಳಿ ಕೂತಿದ್ದಳು. ಸೆಲ್ಲು ಸತ್ತಿಲ್ಲವೆಂದು ಅಲ್ಲಿ ಅವಳೊಬ್ಬಳಿಗೇ ಗೊತ್ತು. ಹೇಳಿದರೆ ಭಾವನ ಮನೆಯಲ್ಲಿ ಅನ್ನವಿಲ್ಲ. ತವರು ಎಂದೋ ಮುಗಿದಿತ್ತು. ಹೇಳದಿದ್ದರೆ ಗಳು ಸ್ವಾಮಿಯ ತಲೆಯ ಮೇಲೆ.

*

ಟಾರ್ಚಿನ ಗುಂಡಿಗೆ ತುಕ್ಕು ಹಿಡಿದಿತ್ತು. ಆರಿಸಿದರೂ ಸೆಲ್ಲು ಒಳಗೊಳಗೇ ಸೋರಿ ಹೋಗುವುದು. ಅದಕ್ಕೇ ಸಣ್ಣಬೀರಯ್ಯ ರಾತ್ರಿ ರಾಗಿ ಕಾದು, ಬೆಳಗ್ಗೆ ಹೊಲದ ಅಟ್ಟಣೆ ಇಳಿದವನೇ ಒಂದು ಸೆಲ್ಲನ್ನು ತಿರುಗಿಸಿ ಹಾಕುವನು; ಹಾಗಿಟ್ಟರೆ ಟಾರ್ಚು ಹತ್ತದು, ಸೆಲ್ಲೂ ಸವೆಯದು. ಸಂಜೆ ಅಟ್ಟಣೆ ಹತ್ತಿ ನೆಟ್ಟಗೆ ಮಾಡುವನು. ಕಣ್ಣು ಬೇಕಿರಲಿಲ್ಲ, ಬೆರಳಿಗೇ ಪಾಠವಾಗಿತ್ತು.

ನಿನ್ನೆ ಮಧ್ಯಾಹ್ನ ಮನೆಯ ಅಟ್ಟದ ಮೇಲೆ ಬೆಕ್ಕು ಮರಿ ಹಾಕಿತ್ತು. ಕುಳ್ಳಮ್ಮ ಸೆಲ್ಲು ನೆಟ್ಟಗೆ ಮಾಡಿಕೊಂಡು ಹತ್ತಿ, ಮರಿಗಳನ್ನು ನೋಡಿ ನಗುತ್ತ ಇಳಿದಳು. ಮತ್ತೆ ತಿರುಗಿಸಿಡಲು ಮರೆತಳು. ಸಂಜೆ ಅವನ ಬೆರಳು ಮರೆಯಲಿಲ್ಲ. ನೆಟ್ಟಗಿದ್ದ ಸೆಲ್ಲನ್ನು ತಿರುಗಿಸಿತು.

ಟಾರ್ಚು ಹತ್ತದೆ, ಬೆಂಕಿ ಹಾಕಲು ಅವನು ಕೆಳಗಿಳಿದ. ಆನೆ ಬದುವಿನಲ್ಲೇ ಇತ್ತು.

*

ಗಳು ಮೇಲೆದ್ದಿತು.

“ಬಾವ, ಆ ಟಾರ್ಚು ಇತ್ಲಾಗೆ ಕೊಡಿ.”

ಕುಳ್ಳಮ್ಮ ಟಾರ್ಚಿನ ಹಿಂಬದಿ ಬಿಚ್ಚಿ, ಸೆಲ್ಲು ತಿರುಗಿಸಿ, ಗುಂಡಿ ನೂಕಿದಳು. ಹೆಣಕ್ಕೆ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಹಳದಿ ಬೆಳಕಿನ ಬಿಲ್ಲೆ ಬಿತ್ತು.

“ಅಗ್ಲೊತ್ನಲ್ಲಿ ನಾನು ನೆಟ್ಗೆ ಮಾಡಿ ಮರ್ತೆ. ಅವ್ರು ದಿನದಂಗೆ ತಿರುಗ್ಸವ್ರೆ. ಸ್ವಾಮ್ಯೋರ್ದು ತಪ್ಪಿಲ್ಲ, ಬುಡಿ.”

ತಿಮ್ಮಯ್ಯ ಗಳು ಇಳಿಸಿದ.

“ಮಣ್ಣಾದ್ಮೇಲೆ ಗಂಟು ಕಟ್ಕೊ. ಈ ಒಸ್ಲು ತುಳೀಬ್ಯಾಡ.”

ವೀರಭದ್ರಸ್ವಾಮಿ ಹಾರವನ್ನು ಹೆಣದ ಮೇಲಿಟ್ಟು, ಅವಳ ಕಡೆ ನೋಡದೆ ಹೊರಟುಹೋದ. ಗಂಡಸರು ಚಟ್ಟ ಕಟ್ಟಲು ಕೂತರು. ಬೆಳಕು ಬಟ್ಟೆಯ ಮೇಲೆ ಹಾಗೇ ಇತ್ತು.

ಹೋದದ್ದು ಒಬ್ಬ ಗಂಡ, ಒಂದು ಮನೆ, ಬದುವಿನಂಚಿನ ಆರು ಸಾಲು ರಾಗಿ.